ಭೋಪಾಲ್ ವಿಷತ್ಯಾಜ್ಯ ವಿಲೇವಾರಿ ಸೇವೆ: 337 ಟನ್ ಸುಟ್ಟಾಯಿತು, ಬೂದಿ–ಮಣ್ಣು–ನೀರಿನ ಲೆಕ್ಕ ಬಾಕಿ

ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಬಿದ್ದಿದ್ದ ವಿಷತ್ಯಾಜ್ಯವನ್ನು 2025ರಲ್ಲಿ ಭೋಪಾಲ್‌ನಿಂದ ಅದೇ ರಾಜ್ಯದ ಕೈಗಾರಿಕಾ ಪಟ್ಟಣ ಪೀಥಂಪುರಕ್ಕೆ ಸಾಗಿಸಿ ಸುಡಲಾಯಿತು. ಇದನ್ನೊಂದು ಸೇವೆ ಎಂದೇ ಇಟ್ಟುಕೊಂಡು ಇಲ್ಲಿ ವಿಮರ್ಶಿಸುತ್ತಿದ್ದೇವೆ. ಸೇವೆ ಕೊಡಬೇಕಾದದ್ದು ಮಧ್ಯಪ್ರದೇಶ ಸರ್ಕಾರ. ದುಡ್ಡು ಕೇಂದ್ರದ್ದು, 126 ಕೋಟಿ ರೂಪಾಯಿ. ಫಲಾನುಭವಿಗಳು ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಿರುವ ಬಸ್ತಿಗಳ, ಅಂದರೆ ಬಡಜನರ ಕೇರಿಗಳ, ಜನ. ಈಗ ಅವರ ಜೊತೆಗೆ ಪೀಥಂಪುರದ ಸುತ್ತಲಿನ ಹಳ್ಳಿಗಳವರೂ ಸೇರಿದ್ದಾರೆ.

ಐದಕ್ಕೆ ನಾವು ಕೊಡುವ ಅಂಕ: ದಾಸ್ತಾನಿಗೆ ಸೊನ್ನೆ, ಸಾಗಣೆಗೆ ನಾಲ್ಕು, ಸುಡುವ ಕೆಲಸಕ್ಕೆ ಮೂರು, ಬೂದಿಯ ನಿರ್ವಹಣೆಗೆ ಒಂದು. ಮಣ್ಣು ಮತ್ತು ಅಂತರ್ಜಲದ ಶುದ್ಧೀಕರಣ ನಿಜವಾದ ಅರ್ಥದಲ್ಲಿ ಶುರುವೇ ಆಗಿಲ್ಲ, ಹಾಗಾಗಿ ಅದಕ್ಕೆ ಅಂಕ ಕೊಡುವ ಪ್ರಶ್ನೆ ಬರುವುದಿಲ್ಲ.

ಏನಿತ್ತು ಆ ತ್ಯಾಜ್ಯದಲ್ಲಿ

1984ರ ಡಿಸೆಂಬರ್ 2–3ರ ರಾತ್ರಿ ಸೋರಿದ ಮೀಥೈಲ್ ಐಸೊಸಯನೇಟ್ ಅನಿಲಕ್ಕೂ ಈ ತ್ಯಾಜ್ಯಕ್ಕೂ ನೇರ ಸಂಬಂಧವಿಲ್ಲ. 1969ರಿಂದ ಅಲ್ಲಿ 'ಸೆವಿನ್' ಹೆಸರಿನ ಕಾರ್ಬರಿಲ್ ಕೀಟನಾಶಕ ತಯಾರಾಗುತ್ತಿತ್ತು. ಆ ತಯಾರಿಕೆಯ ಉಳಿಕೆಗಳು ಆವರಣದ ಗುಂಡಿಗಳಿಗೂ, ಹೊರಗಿನ ಸೌರ ಆವಿಯಾಗಿಸುವ ಕೊಳಗಳಿಗೂ ಹೋಗುತ್ತಿದ್ದವು. ದುರಂತ ನಡೆಯದೇ ಇದ್ದಿದ್ದರೂ ಈ ಮಾಲಿನ್ಯ ಇದ್ದೇ ಇರುತ್ತಿತ್ತು. ಪರಿಹಾರದ ಚರ್ಚೆಯಲ್ಲಿ ಎರಡನ್ನೂ ಕಲಸಿಬಿಡುವುದರಿಂದಲೇ ಎಷ್ಟೋ ಗೊಂದಲ ಹುಟ್ಟಿದೆ.

2005ರ ಹೊತ್ತಿಗೆ ಮೇಲ್ಮೈಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಆಯ್ದು, ಚೀಲಗಳಿಗೆ ತುಂಬಿ ಆವರಣದ ಶೆಡ್ಡಿನಲ್ಲಿಟ್ಟರು. ಅದರಲ್ಲಿ ಸುಮಾರು 40 ಟನ್ ಸುಣ್ಣದ ಕೆಸರು 2008ರಲ್ಲಿ ಪೀಥಂಪುರಕ್ಕೆ ಹೋಯಿತು. 10 ಟನ್ನನ್ನು 2015ರ ಆಗಸ್ಟ್‌ನಲ್ಲಿ ಅಲ್ಲೇ ಪರೀಕ್ಷಾರ್ಥ ಸುಟ್ಟರು. ಉಳಿದದ್ದು 337 ಟನ್: ಅಗೆದು ತೆಗೆದ ಮಣ್ಣು 162, ಸೆವಿನ್ ಮತ್ತು ಅದರ ಕಚ್ಚಾವಸ್ತು ನ್ಯಾಫ್ತಾಲ್‌ನ ಉಳಿಕೆ 92, ಅರ್ಧ ಸಂಸ್ಕರಿಸಿದ ಕೀಟನಾಶಕ 54, ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆ) ಉಳಿಕೆ 29. ಹೆಚ್ಚುಕಡಿಮೆ ಅರ್ಧ ಭಾಗ ಮಣ್ಣೇ ಎಂಬುದನ್ನು ನೆನಪಿಡಿ. ಬೂದಿಯ ಲೆಕ್ಕ ನೋಡುವಾಗ ಇದು ಬೇಕಾಗುತ್ತದೆ.

ದಾಸ್ತಾನು: ನಿಯಮ 90 ದಿನ, ಆದದ್ದು 20 ವರ್ಷ

ಅಪಾಯಕಾರಿ ತ್ಯಾಜ್ಯ ನಿಯಮಗಳು 1989ರಿಂದಲೇ ಇವೆ. ಈಗ ನಡೆಯುತ್ತಿರುವುದು 2016ರವು. ತ್ಯಾಜ್ಯ ಯಾರ ವಶದಲ್ಲಿದೆಯೋ ಅವರು ಅದನ್ನು ತಮ್ಮ ಜಾಗದಲ್ಲಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಗಡುವು ವಿಸ್ತರಿಸುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಕಾರ್ಖಾನೆಯ ಜಮೀನು 1998ರಲ್ಲಿ ರಾಜ್ಯ ಸರ್ಕಾರದ ವಶಕ್ಕೆ ಮರಳಿತು. ಸಣ್ಣದೊಂದು ಎಲೆಕ್ಟ್ರೋಪ್ಲೇಟಿಂಗ್ ಘಟಕ ನಾಲ್ಕು ಡ್ರಮ್ ಕೆಸರನ್ನು ಗಡುವು ಮೀರಿ ಇಟ್ಟುಕೊಂಡರೆ ನೋಟಿಸ್ ಬರುತ್ತದೆ. ಇಲ್ಲಿ ನೋಟಿಸ್ ಕೊಡಬೇಕಾದ ಮಂಡಳಿಯೂ ತ್ಯಾಜ್ಯದ ಒಡೆಯನೂ ಒಂದೇ ಸರ್ಕಾರದ ಎರಡು ಕೈ. ಹೀಗಾಗಿ ಯಾರ ಮೇಲೂ ಕ್ರಮವಾಗಲಿಲ್ಲ.

ನಡುವೆ ಯತ್ನಗಳೇ ನಡೆಯಲಿಲ್ಲ ಎನ್ನಲಾಗದು. ಗುಜರಾತಿನ ಅಂಕಲೇಶ್ವರಕ್ಕೆ ಕಳಿಸಲು ಹೊರಟಾಗ ಆ ರಾಜ್ಯ ಬೇಡವೆಂದಿತು. ಅಂತಿಮ ವಿಲೇವಾರಿಗೆ ತ್ಯಾಜ್ಯ ಗಡಿ ದಾಟಬೇಕಾದರೆ ಎರಡೂ ರಾಜ್ಯಗಳ ಮಂಡಳಿಗಳ ನಿರಾಕ್ಷೇಪಣಾ ಪತ್ರ ಬೇಕು. ಒಂದು ಕಡೆ ತಡೆದರೆ ಎಲ್ಲ ನಿಲ್ಲುತ್ತದೆ. ಮಹಾರಾಷ್ಟ್ರವೂ ಒಪ್ಪಲಿಲ್ಲ. 2012ರಲ್ಲಿ ಜರ್ಮನಿಯ ಸರ್ಕಾರಿ ನೆರವು ಸಂಸ್ಥೆ ಜಿಐಝಡ್ ಸುಮಾರು 25 ಕೋಟಿ ರೂಪಾಯಿಗೆ ಎಲ್ಲವನ್ನೂ ವಿಮಾನದಲ್ಲಿ ಹ್ಯಾಂಬರ್ಗ್‌ಗೆ ಒಯ್ದು ಸುಡುವ ಪ್ರಸ್ತಾವ ಇಟ್ಟಿತು, ಅದೇ ವರ್ಷ ಹಿಂದೆಯೂ ಸರಿಯಿತು. 2004ರಲ್ಲಿ ಮಧ್ಯಪ್ರದೇಶ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಡೆಯುತ್ತಲೇ ಇತ್ತು. ಕೊನೆಗೆ 2024ರ ಡಿಸೆಂಬರ್ 3ರಂದು ನ್ಯಾಯಾಲಯ ನಾಲ್ಕು ವಾರಗಳ ಗಡುವು ಕೊಟ್ಟಿತು. ಇಪ್ಪತ್ತು ವರ್ಷ ಆಗದ ಕೆಲಸ ನಾಲ್ಕು ವಾರದಲ್ಲಿ ಹೊರಟಿತು.

ಇದೇ ಕಾಯಿಲೆ ಕನ್ನಡದ ನೆಲಕ್ಕೂ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿದ ಮೇಲೂ ಕಾಸರಗೋಡಿನ ಗೇರು ತೋಟಗಳ ಗೋದಾಮುಗಳಲ್ಲಿ ಹಳೆಯ ದಾಸ್ತಾನು ವರ್ಷಗಟ್ಟಲೆ ಉಳಿಯಿತು. ಗಡಿಯ ಮಿಂಚಿನಪದವಿನಲ್ಲಿ ಅದನ್ನು ಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅಲ್ಲಿಯೂ ಒಡೆಯ ಸರ್ಕಾರಿ ನಿಗಮವೇ.

ಸಾಗಣೆ

ಇಡೀ ಕೆಲಸದಲ್ಲಿ ಅಚ್ಚುಕಟ್ಟಾಗಿ ನಡೆದದ್ದು ಇದೊಂದು. ಕಾರ್ಮಿಕರು ರಕ್ಷಣಾ ಉಡುಪು ತೊಟ್ಟು 30 ನಿಮಿಷದ ಪಾಳಿಯಲ್ಲಿ ತುಂಬಿಸಿದರು. ಆ ಉಡುಪಿನೊಳಗೆ ಮೈ ಬೇಗ ಬಿಸಿಯಾಗುತ್ತದೆ, ಮಾಸ್ಕ್ ಸರಿಸಿಬಿಡುವ ಚಪಲ ಹುಟ್ಟುತ್ತದೆ. ಪಾಳಿ ಚಿಕ್ಕದಾಗಿದ್ದಷ್ಟೂ ಕ್ಷೇಮ. 2025ರ ಜನವರಿ 1ರ ರಾತ್ರಿ 12 ಮುಚ್ಚಿದ ಕಂಟೇನರ್‌ಗಳು ಹೊರಟು, ಸುಮಾರು 250 ಕಿ.ಮೀ. ದೂರದ ಪೀಥಂಪುರವನ್ನು ಬೆಳಗಾಗುವುದರೊಳಗೆ ಮುಟ್ಟಿದವು. ಸಂಚಾರ ತಡೆದು ದಾರಿ ಬಿಡಿಸಿದ್ದರು, ಬೆಂಗಾವಲೂ ಇತ್ತು.

ಒಂದು ಅಂಕ ಕಡಿತ ಯಾಕೆಂದರೆ, ಪೀಥಂಪುರದ ಜನರಿಗೆ ಮೊದಲೇ ಕೂತು ವಿವರಿಸಲಿಲ್ಲ. ಜನವರಿ 3ರಂದು ಊರು ಬಂದ್ ಆಯಿತು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಂಡರು. ತ್ಯಾಜ್ಯ ಕಂಟೇನರ್‌ನಲ್ಲೇ ಉಳಿದು, ಹೈಕೋರ್ಟ್ ಮತ್ತೆ ಆರು ವಾರ ಕೊಡಬೇಕಾಯಿತು. ಅಲ್ಲಿನ ಗ್ರಾಮಸಭೆಗಳಲ್ಲಿ ತಿಂಗಳು ಮುಂಚೆ ಹೇಳಬೇಕಿದ್ದ ಮಾತನ್ನು ಲಾಠಿ ಹಿಡಿದು ಹೇಳಿದಂತಾಯಿತು.

ಸುಡುವ ಕೆಲಸ

ಪೀಥಂಪುರದ ಘಟಕದಲ್ಲಿ ಇನ್ಸಿನರೇಟರ್ (ತ್ಯಾಜ್ಯ ಸುಡುವ ಕುಲುಮೆ) ಮತ್ತು ಭದ್ರ ಹೂಳುತಾಣ ಎರಡೂ ಇವೆ. ಇಂಥ ತ್ಯಾಜ್ಯಕ್ಕೆ ಎರಡು ಕೋಣೆಯ ಕುಲುಮೆ ಬೇಕು. ಮೊದಲ ಕೋಣೆ 800 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಇಲ್ಲಿ ಸಾವಯವ ವಸ್ತು ಆವಿಯಾಗಿ ಹೊರಬರುತ್ತದೆ. ಎರಡನೆಯದು 1,100 ಡಿಗ್ರಿಯ ಆಸುಪಾಸು. ಅನಿಲ ಅಲ್ಲಿ ಕನಿಷ್ಠ ಎರಡು ಸೆಕೆಂಡ್ ಇರಬೇಕು. ಕ್ಲೋರಿನ್ ಇರುವ ಸಂಯುಕ್ತಗಳು ಪೂರ್ತಿ ಒಡೆಯುವುದು ಆ ಬಿಸಿಯಲ್ಲಿ, ಆ ಅವಧಿಯಲ್ಲಿ. ಆಮೇಲೆ ಅನಿಲವನ್ನು ತಟ್ಟನೆ ತಣ್ಣಗಾಗಿಸಬೇಕು. 400ರಿಂದ 200 ಡಿಗ್ರಿಯ ನಡುವೆ ನಿಧಾನವಾಗಿ ಇಳಿದರೆ, ಒಡೆದಿದ್ದ ಚೂರುಗಳು ಹಾರುಬೂದಿಯ ಮೇಲೆ ಮತ್ತೆ ಕೂಡಿಕೊಂಡು ಡಯಾಕ್ಸಿನ್ ಎಂಬ ಘೋರ ವಿಷವಾಗುತ್ತವೆ. ಕುಲುಮೆ ಎಷ್ಟೇ ಬಿಸಿಯಿದ್ದರೂ ತಣಿಸುವ ಹಂತ ಕೆಟ್ಟರೆ ವಿಷ ಚಿಮಣಿಯಿಂದಲೇ ಹೊರಬೀಳುತ್ತದೆ.

ಹೈಕೋರ್ಟ್ ಅನುಮತಿಯಂತೆ ಮೊದಲು ತಲಾ 10 ಟನ್‌ನ ಮೂರು ಪರೀಕ್ಷೆ ನಡೆದವು: ಗಂಟೆಗೆ 135 ಕೆ.ಜಿ., ನಂತರ 180, ನಂತರ 270. ಈ ಕ್ರಮ ಸರಿಯಾದದ್ದು. ತ್ಯಾಜ್ಯ ಸುರಿಯುವ ವೇಗ ಹೆಚ್ಚಿದಂತೆ ಕೋಣೆಯ ಆಮ್ಲಜನಕ ಕುಸಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಏರುತ್ತದೆ, ಅಂದರೆ ಅರೆಬರೆ ಉರಿ. ಹಾಗಾಗಿ ವೇಗವನ್ನು ಹಂತಹಂತವಾಗಿ ಏರಿಸಿ ಅಳೆಯಲೇಬೇಕು. 4.5 ಕೆ.ಜಿ. ತ್ಯಾಜ್ಯಕ್ಕೆ ಅಷ್ಟೇ ತೂಕದ ಸುಣ್ಣ ಬೆರೆಸಿ 9 ಕೆ.ಜಿ.ಯ ಸಣ್ಣ ಚೀಲಗಳಾಗಿ ಹಾಕಿದರು. 135 ಕೆ.ಜಿ. ವೇಗದಲ್ಲಿ ಎರಡು ನಿಮಿಷಕ್ಕೊಂದು ಚೀಲ, 270ರಲ್ಲಿ ನಿಮಿಷಕ್ಕೊಂದು. ಒಮ್ಮೆಲೇ ದೊಡ್ಡ ಚೀಲ ಬಿದ್ದರೆ ಅನಿಲ ಭುಗಿಲೆದ್ದು ಎರಡನೇ ಕೋಣೆಗೆ ತಡೆಯಲಾಗುವುದಿಲ್ಲ. ಸುಣ್ಣ ಕ್ಲೋರಿನ್ ಮತ್ತು ಗಂಧಕದ ಆಮ್ಲಗಳನ್ನು ಹಿಡಿದುಕೊಳ್ಳುತ್ತದೆ.

ಉಳಿದ 307 ಟನ್‌ಗೆ ಹೈಕೋರ್ಟ್ 72 ದಿನ ಕೊಟ್ಟಿತ್ತು. ಗಂಟೆಗೆ 270 ಕೆ.ಜಿ.ಯಂತೆ ಎಲ್ಲೂ ನಿಲ್ಲದೆ ಉರಿಸಿದರೆ ಸುಮಾರು 47 ದಿನ ಸಾಕು. ಮೇ 5ಕ್ಕೆ ಶುರುವಾಗಿ ಜೂನ್ 30ರ ನಸುಕಿಗೆ ಮುಗಿಯಿತು. ನಡುವೆ ಕುಲುಮೆಗೆ ನಿಲುಗಡೆ ಸಹಜ, ಹಾಗಾಗಿ ಅವಧಿ ನಂಬಬಹುದಾದದ್ದೇ. ಅವಸರಕ್ಕೆ ವೇಗ ಮೀರಿಸಿದ ಸೂಚನೆ ಈ ಲೆಕ್ಕದಲ್ಲಿ ಕಾಣುವುದಿಲ್ಲ.

ಹೊರಸೂಸಿಕೆ ಮಿತಿಯೊಳಗಿತ್ತು ಎಂದು ರಾಜ್ಯ ಹೇಳಿತು. ಇಂಥ ಹೇಳಿಕೆಯನ್ನು ಓದುವಾಗ ಒಂದು ವಿಷಯ ಗೊತ್ತಿರಬೇಕು. ಚಿಮಣಿಯ ಆನ್‌ಲೈನ್ ಮಾಪಕ ತೋರಿಸುವುದು ಧೂಳಿನ ಕಣ, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಕ್ಲೋರೈಡ್‌ನಂಥವುಗಳನ್ನು. ಡಯಾಕ್ಸಿನ್ ಆ ಫಲಕದಲ್ಲಿ ಬರುವುದಿಲ್ಲ. ಅದಕ್ಕೆ ಗಂಟೆಗಟ್ಟಲೆ ಅನಿಲ ಹೀರಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಮಿತಿ ಘನ ಮೀಟರಿಗೆ 0.1 ನ್ಯಾನೊಗ್ರಾಂ, ಪಾದರಸಕ್ಕೆ 0.05 ಮಿಲಿಗ್ರಾಂ. ಆದ್ದರಿಂದ ಕೇಳಬೇಕಾದ ಪ್ರಶ್ನೆ: 55 ದಿನಗಳಲ್ಲಿ ಡಯಾಕ್ಸಿನ್ ಮಾದರಿ ಎಷ್ಟು ಸಲ ತೆಗೆದಿರಿ, ಆಗ ಯಾವ ಬಗೆಯ ತ್ಯಾಜ್ಯ ಉರಿಯುತ್ತಿತ್ತು? ಮಣ್ಣು ಉರಿಯುವಾಗ ತೆಗೆದ ಮಾದರಿ ರಿಯಾಕ್ಟರ್ ಉಳಿಕೆಯ ಬಗ್ಗೆ ಏನನ್ನೂ ಹೇಳದು. ಈ ವಿವರ ಪ್ರತಿ ದಿನದ ಪಟ್ಟಿಯಾಗಿ ಊರ ಜನರ ಕೈಗೆ ಅವರ ಭಾಷೆಯಲ್ಲಿ ಸಿಗಬೇಕಿತ್ತು. ಎರಡು ಅಂಕ ಹೋದದ್ದು ಅಲ್ಲಿ.

ಬೂದಿ

337 ಟನ್ ಸುಟ್ಟ ಮೇಲೆ ಉಳಿದ ಬೂದಿ ಮತ್ತಿತರ ಶೇಷ ಸುಮಾರು 900 ಟನ್. ಕೇಳಿದವರು ಬೆಚ್ಚುತ್ತಾರೆ, ಆದರೆ ಇದರಲ್ಲಿ ಮೋಸವಿಲ್ಲ. ಮಣ್ಣು ಉರಿಯುವುದಿಲ್ಲ, ಹಾಗೇ ಹೊರಬರುತ್ತದೆ. ತ್ಯಾಜ್ಯದಷ್ಟೇ ಸುಣ್ಣ ಸೇರಿದೆ. ಅನಿಲ ತೊಳೆಯಲು ಮತ್ತೆ ಸುಣ್ಣ, ಸಕ್ರಿಯ ಇದ್ದಿಲು ಬಳಸುತ್ತಾರೆ. ಅದೆಲ್ಲ ಲವಣ ಮತ್ತು ಹಾರುಬೂದಿಯಾಗಿ ಕೂಡುತ್ತದೆ. ಯೋಜನೆ ಬರೆಯುವಾಗಲೇ ಹೇಳಬಹುದಾಗಿದ್ದ ಸಂಖ್ಯೆ ಇದು.

ತೊಂದರೆಯ ಬೇರು ಪಾದರಸ. ಕಾರ್ಖಾನೆಯ ನೆಲದಲ್ಲಿ ಅದಿದೆ ಎಂದು ಗ್ರೀನ್‌ಪೀಸ್ 1999ರಲ್ಲೇ ತೋರಿಸಿತ್ತು. ಕೀಟನಾಶಕವನ್ನು ಬೆಂಕಿ ಒಡೆಯುತ್ತದೆ, ಪಾದರಸವನ್ನು ಒಡೆಯಲಾರದು. ಅದು ಆವಿಯಾಗಿ ಏರುತ್ತದೆ; ಇದ್ದಿಲು, ಸಲ್ಫೈಡ್ ಬಳಸಿ ಹಿಡಿದರೆ ಬೂದಿಗೆ ಬರುತ್ತದೆ, ಹಿಡಿಯದಿದ್ದರೆ ಗಾಳಿಗೆ ಹೋಗುತ್ತದೆ. ಅಂದರೆ ಚಿಮಣಿಯಲ್ಲಿ ಪಾದರಸ ಕಡಿಮೆ ಬಂದಷ್ಟೂ ಬೂದಿಯಲ್ಲಿ ಹೆಚ್ಚಿರಬೇಕು. ಎರಡೂ ಕಡೆ ಕಡಿಮೆ ಎಂದರೆ, ಸುಡುವ ಮೊದಲು ತ್ಯಾಜ್ಯದಲ್ಲಿ ಎಷ್ಟಿತ್ತು ಎಂಬ ಅಳತೆ ಮುಂದಿಡಬೇಕು. ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ತಾಳೆ ಬೀಳುವ ಪಾದರಸದ ಜಮಾ–ಖರ್ಚು ಇಲ್ಲದೆ ಈ ಸೇವೆಗೆ ಯಾರೂ ರಸೀದಿ ಕೊಡಬಾರದು.

ಬೂದಿಯನ್ನು ಸಿಮೆಂಟಿನಂಥ ಬಂಧಕದಲ್ಲಿ ಗಟ್ಟಿ ಮಾಡಿ, ನೀರಿಗೆ ಬಸಿಯುವ ಪರೀಕ್ಷೆಯಲ್ಲಿ ಪಾಸಾದ ಮೇಲೆ, ಜೇಡಿ ಮತ್ತು ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆಗಳ ಎರಡು ಪದರದ ಗುಂಡಿಯಲ್ಲಿ ಹೂಳಬೇಕು. ಮೇಲಿನ ಪದರ ಹರಿದರೆ ಅಡಿಯ ಪೈಪಿನಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಎಚ್ಚರಿಕೆ ಸಿಗುವುದು ಹಾಗೆ. ಸರ್ಕಾರ ತೋರಿಸಿದ ಜಾಗ ಜನವಸತಿಯಿಂದ ಸುಮಾರು 500 ಮೀಟರ್ ದೂರದಲ್ಲಿತ್ತು. 2025ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಅದನ್ನು ಒಪ್ಪದೆ ಬೇರೆ ಜಾಗ ನೋಡಲು ಹೇಳಿತು. ಬೂದಿ ಎಲ್ಲಿಗೆ ಎಂಬುದು ತೀರ್ಮಾನವಾಗುವ ಮೊದಲೇ ಕುಲುಮೆ ಹೊತ್ತಿಸಿದ್ದು ಯೋಜನೆಯ ದೊಡ್ಡ ದೋಷ.

ಬೆಲೆ

126 ಕೋಟಿಯನ್ನು 337 ಟನ್‌ಗೆ ಹಂಚಿದರೆ ಟನ್ನಿಗೆ 37 ಲಕ್ಷ ರೂಪಾಯಿಗೂ ಹೆಚ್ಚು. 2012ರ ಜರ್ಮನ್ ಪ್ರಸ್ತಾವ ಟನ್ನಿಗೆ ಸುಮಾರು 7 ಲಕ್ಷ ಬೀಳುತ್ತಿತ್ತು. ಮಾಡಿದವರೇ ತೆರಬೇಕು ಎಂಬ ತತ್ವ ನಮ್ಮ ಕಾನೂನಿನಲ್ಲಿದೆ. 2005ರಲ್ಲಿ ಕೇಂದ್ರದ ರಾಸಾಯನಿಕ ಸಚಿವಾಲಯವೇ ಯೂನಿಯನ್ ಕಾರ್ಬೈಡನ್ನು ಕೊಂಡ ಡೌ ಕಂಪನಿ 100 ಕೋಟಿ ಠೇವಣಿ ಇಡಲಿ ಎಂದು ಹೈಕೋರ್ಟಿನಲ್ಲಿ ಕೇಳಿತ್ತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಯೂನಿಯನ್ ಕಾರ್ಬೈಡನ್ನು ಮಾಲಿನ್ಯದ ಹೊಣೆಯಿಂದ ಬಿಟ್ಟಿತು. ಕೊನೆಗೆ ಹಣ ಹೋದದ್ದು ತೆರಿಗೆದಾರರ ಬೊಕ್ಕಸದಿಂದ.

ಬಾಕಿ ಕೆಲಸ

ಪರಿಸರ ಸಂಶೋಧನೆಯ ‘ನೀರಿ’ ಮತ್ತು ಭೂಭೌತ ಸಂಶೋಧನೆಯ ಎನ್‌ಜಿಆರ್‌ಐ ಸಂಸ್ಥೆಗಳ 2010ರ ಅಧ್ಯಯನ ಅಂದಾಜಿಸಿದ ಕಲುಷಿತ ಮಣ್ಣು 11 ಲಕ್ಷ ಟನ್. ಸುಟ್ಟದ್ದು ಅದರ ನೂರಕ್ಕೆ 0.03ರಷ್ಟು. ಚೀಲದಲ್ಲಿದ್ದ 337 ಟನ್ ಶೆಡ್ಡಿನೊಳಗಿತ್ತು. ಮಳೆಗಾಲದಲ್ಲಿ ಅಂತರ್ಜಲಕ್ಕೆ ಇಳಿಯುತ್ತಿರುವುದು ನೆಲದಡಿಯದ್ದು. ಲಖನೌದ ವಿಷವಿಜ್ಞಾನ ಸಂಶೋಧನಾ ಸಂಸ್ಥೆ 2018ರಲ್ಲಿ ಕಂಡ ಪ್ರಕಾರ ಮಾಲಿನ್ಯ 42 ಬಸ್ತಿಗಳಿಗೆ ಹರಡಿತ್ತು.

ಅಲ್ಲಿನ ಕೊಳವೆಬಾವಿ ನೀರಿನ ಪರೀಕ್ಷೆ ಎಂದು ಗಡಸುತನ, ಕರಗಿದ ಲವಣ, ಕೋಲಿಫಾರ್ಮ್ ಮಾತ್ರ ನೋಡಿದ ವರದಿ ತಂದರೆ ಅದು ಪ್ರಯೋಜನಕ್ಕೆ ಬಾರದು. ಕ್ಲೋರೋಬೆಂಜೀನ್‌ಗಳು, ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್, ಎಚ್‌ಸಿಎಚ್ ಎಂಬ ಕೀಟನಾಶಕ, ಪಾದರಸ ಇವನ್ನು ಹೆಸರು ಹೇಳಿ ಕೇಳಬೇಕು. ಮಾದರಿಯನ್ನು ಗಾಜಿನ ಶೀಶೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ ತಣ್ಣಗೆ ಒಯ್ಯಬೇಕು. ಇಲ್ಲದಿದ್ದರೆ ಆವಿಯಾಗುವ ವಿಷ ದಾರಿಯಲ್ಲೇ ಹಾರಿ 'ಪತ್ತೆಯಾಗಿಲ್ಲ' ಎಂಬ ಸುಳ್ಳು ಸಮಾಧಾನ ಬರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಹಾಗೇ ಉಳಿಯುತ್ತದೆ.

ನಮ್ಮಲ್ಲಿ ಕೇಳಬೇಕಾದದ್ದು

ಕರ್ನಾಟಕದಲ್ಲಿ ದಾಬಸ್‌ಪೇಟೆಯ ಬಳಿ ಇಂಥದೇ ವಿಲೇವಾರಿ ತಾಣವಿದೆ, ನಿಯಮವೂ ಒಂದೇ. ಪ್ರತಿ ತ್ಯಾಜ್ಯ ಲಾರಿಗೂ ಏಳು ಪ್ರತಿಗಳ ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಬರೆಯುತ್ತಾರೆ: ಬಿಳಿ, ಹಳದಿ, ಗುಲಾಬಿ, ಕಿತ್ತಳೆ, ಹಸಿರು, ನೀಲಿ, ಬೂದು. ಕಳಿಸಿದವರಿಗೆ ನೀಲಿ ಪ್ರತಿ ವಾಪಸ್ ಬಂದರೆ ಸರಕು ತಲುಪಿದೆ. ಬರದಿದ್ದರೆ ಲಾರಿ ಬೇರೆಲ್ಲೋ ಖಾಲಿಯಾಗಿರಬಹುದು. ಮಾಹಿತಿ ಹಕ್ಕಿನ ಅರ್ಜಿ ಹಾಕುವವರು 'ತ್ಯಾಜ್ಯ ವಿಲೇವಾರಿಯ ವಿವರ ಕೊಡಿ' ಎಂದು ಬರೆಯಬೇಡಿ. ಇಂಥ ಕಾರ್ಖಾನೆಯ, ಇಂಥ ವರ್ಷದ ಬಿಳಿ ಮತ್ತು ಹಸಿರು ಪ್ರತಿಗಳ ನಕಲು ಕೇಳಿ. ಎರಡೂ ಮಂಡಳಿಯ ಕಡತಕ್ಕೇ ಬರುತ್ತವೆ, ಬಿಳಿ ಕಳಿಸಿದವರಿಂದ, ಹಸಿರು ಪಡೆದವರಿಂದ. ಎರಡರಲ್ಲಿರುವ ತೂಕವನ್ನು ಪಕ್ಕಪಕ್ಕ ಇಟ್ಟು ನೋಡಿ. ಜೊತೆಗೆ ಪ್ರತಿ ವರ್ಷ ಜೂನ್ 30ರೊಳಗೆ ಸಲ್ಲಿಸಬೇಕಾದ ನಮೂನೆ 4ರ ವಾರ್ಷಿಕ ವರದಿಯನ್ನೂ ಕೇಳಿ. ವರ್ಷದ ಕೊನೆಗೆ ಉಳಿದ ದಾಸ್ತಾನು ಎಷ್ಟೆಂದು ಅದರಲ್ಲಿ ಬರೆದಿರಬೇಕು.