ಟ್ಯಾಮಾಕ್ಸಿಫೆನ್ ಜೊತೆಗೆ ಹಾಟ್ ಫ್ಲ್ಯಾಶ್ ಮಾತ್ರೆ: ಮೂರರಲ್ಲಿ ನನ್ನ ಓಟು ಗ್ಯಾಬಾಪೆಂಟಿನ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಫಿಟ್ಸ್, ನರನೋವಿಗೆ ಕೊಡುವ ಗ್ಯಾಬಾಪೆಂಟಿನ್. ಖಿನ್ನತೆಗೆ ಕೊಡುವ ಪರಾಕ್ಸೆಟೀನ್, ವೆನ್ಲಾಫ್ಯಾಕ್ಸಿನ್ ಎರಡನ್ನೂ ನುಂಗಿ ನೋಡಿದ ಮೇಲೆ ಇಲ್ಲಿಗೆ ಬಂದು ನಿಂತಿದ್ದೇನೆ.

ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಹಾಟ್ ಫ್ಲ್ಯಾಶ್ ಕಾಟ ಗೊತ್ತೇ ಇರುತ್ತದೆ. ಸುಮ್ನೆ ಕೂತಿದ್ದಾಗ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಧಗ್ಗನೆ ಬಿಸಿ ಏರುತ್ತದೆ. ಮೈಯೆಲ್ಲ ಬೆವರು, ಅದು ಆರುವಷ್ಟರಲ್ಲಿ ಚಳಿ. ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕಾದ ಮಾತ್ರೆ ಅದು. ಸೆಖೆ ತಡೆಯಲಾರದೆ ಅದನ್ನೇ ಬಿಟ್ಟುಬಿಡುವುದಕ್ಕಿಂತ ಜೊತೆಗೆ ಇನ್ನೊಂದು ಮಾತ್ರೆ ತಗೊಳ್ಳುವುದು ವಾಸಿ. ಯಾವುದು ಅನ್ನುವುದೇ ತಲೆನೋವು.

ಕೆಲಸದ ಮಟ್ಟಿಗೆ ಪರಾಕ್ಸೆಟೀನ್‌ಗೆ ಹೆಸರಿಡುವಂತಿಲ್ಲ. ನನಗೆ ಎಲ್ಲಕ್ಕಿಂತ ಬೇಗ ಗುಣ ಕಂಡಿದ್ದು ಇದರಲ್ಲೇ. ಮುಟ್ಟು ನಿಂತವರ ಹಾಟ್ ಫ್ಲ್ಯಾಶ್‌ಗೆಂದೇ ಇದರ 7.5 ಮಿಲಿಗ್ರಾಂ ಡೋಸ್‌ಗೆ 2013ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆದರೆ ಇದಕ್ಕೂ ಟ್ಯಾಮಾಕ್ಸಿಫೆನ್‌ಗೂ ಎಣ್ಣೆ ಸೀಗೇಕಾಯಿ ಸಂಬಂಧ. ಟ್ಯಾಮಾಕ್ಸಿಫೆನ್ ನುಂಗಿದ ರೂಪದಲ್ಲಿ ಅಷ್ಟೇನೂ ಬಲವಾದದ್ದಲ್ಲ. ಲಿವರ್‌ನಲ್ಲಿ ಸಿವೈಪಿ2ಡಿ6 ಅನ್ನುವ ಕಿಣ್ವ ಅದನ್ನು ಎಂಡಾಕ್ಸಿಫೆನ್ ಮಾಡಿದ ಮೇಲೇ ಅದಕ್ಕೆ ನಿಜವಾದ ಕಸುವು ಬರುವುದು. ಪರಾಕ್ಸೆಟೀನ್ ಆ ಕಿಣ್ವದ ಕೈಯನ್ನೇ ಕಟ್ಟಿಹಾಕುತ್ತದೆ. ಸೆಖೆ ಇಳಿಯಿತು ಅಂತ ನಾವು ಖುಷಿಪಡುತ್ತಿರುತ್ತೇವೆ, ಒಳಗೆ ಎಂಡಾಕ್ಸಿಫೆನ್ನೂ ಇಳಿಯುತ್ತಿರುತ್ತದೆ. ಹೊರಗೆ ಒಂದು ಸುಳಿವೂ ಸಿಗುವುದಿಲ್ಲ.

ಕೆನಡಾದ ಒಂಟಾರಿಯೊದಲ್ಲಿ ಟ್ಯಾಮಾಕ್ಸಿಫೆನ್ ಜೊತೆ ಪರಾಕ್ಸೆಟೀನ್ ಗುಂಪಿನ ಖಿನ್ನತೆ ಮಾತ್ರೆ ತಗೊಂಡ 2,430 ಮಹಿಳೆಯರ ದಾಖಲೆ ನೋಡಿ 2010ರಲ್ಲಿ ಒಂದು ಅಧ್ಯಯನ ಬಂತು. ಪರಾಕ್ಸೆಟೀನ್ ಹೆಚ್ಚು ಕಾಲ ಜೊತೆಗಿದ್ದಷ್ಟೂ ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಜಾಸ್ತಿ ಕಂಡಿತ್ತು. ಬೇರೆ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ, ವಾದ ನಡೆದೇ ಇದೆ. ಬೇರೆ ಮಾತ್ರೆ ಇರುವಾಗ ಆ ವಾದದ ಮಧ್ಯೆ ನಾನ್ಯಾಕೆ ನಿಲ್ಲಲಿ? ನನಗೆ ಇದನ್ನು ಬರೆದುಕೊಟ್ಟ ಡಾಕ್ಟರ್ ಬೇರೆ, ಕ್ಯಾನ್ಸರ್ ಡಾಕ್ಟರ್ ಬೇರೆ. ಎರಡನೆಯವರು ಪಟ್ಟಿ ನೋಡಿದ ದಿನವೇ ಬದಲಿಸಿದರು. ತಟ್ಟನೆ ನಿಲ್ಲಿಸುವ ಮಾತ್ರೆ ಇದಲ್ಲ, ಡೋಸ್ ಇಳಿಸುತ್ತಾ ಬಿಡಬೇಕು. ಫ್ಲೂಯೊಕ್ಸೆಟೀನ್, ಬ್ಯುಪ್ರೊಪಿಯಾನ್ ಅನ್ನುವ ಖಿನ್ನತೆ ಮಾತ್ರೆಗಳು ಕೂಡ ಈ ಕಿಣ್ವದ ವಿಷಯದಲ್ಲಿ ಇದೇ ಜಾತಿ. ಟ್ಯಾಮಾಕ್ಸಿಫೆನ್ ಬದಲು ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತಗೊಳ್ಳುವವರಿಗೆ ಈ ರಗಳೆ ಇಲ್ಲ. ಅವಕ್ಕೆ ಈ ಕಿಣ್ವದ ಹಂಗಿಲ್ಲ.

ವೆನ್ಲಾಫ್ಯಾಕ್ಸಿನ್ ಸಭ್ಯ ಮಾತ್ರೆ. ಆ ಕಿಣ್ವವನ್ನು ಮುಟ್ಟಿದರೂ ಮುಟ್ಟದ ಹಾಗೆ. ನಿಧಾನಕ್ಕೆ ಬಿಡುಗಡೆಯಾಗುವ ಕ್ಯಾಪ್ಸೂಲ್ ಆದ್ದರಿಂದ ದಿನಕ್ಕೊಂದು ಸಾಕು. 2000ನೇ ಇಸವಿಯ ಒಂದು ಪ್ರಯೋಗದಲ್ಲಿ 75 ಮಿಲಿಗ್ರಾಂ ತಗೊಂಡವರಲ್ಲಿ ಹಾಟ್ ಫ್ಲ್ಯಾಶ್ 61% ಇಳಿದಿತ್ತು, ಸುಮ್ಮನೆ ಹುಸಿ ಮಾತ್ರೆ ತಗೊಂಡವರಲ್ಲಿ 27%. 150ಕ್ಕೆ ಏರಿಸಿದರೂ ಹೆಚ್ಚಿನ ಲಾಭ ಸಿಗಲಿಲ್ಲ. ಶುರುವಿನಲ್ಲಿ ಹೊಟ್ಟೆ ತೊಳಸುತ್ತದೆ. ಬಿಪಿ ಮೇಲೆ ಒಂದು ಕಣ್ಣಿರಬೇಕು. ನನಗೆ ಆಗದೇ ಹೋಗಿದ್ದು ಇನ್ನೊಂದು ಕಾರಣಕ್ಕೆ: ಒಂದು ಡೋಸ್ ತಪ್ಪಿದರೆ ಸಂಜೆಯೊಳಗೆ ತಲೆ ತೇಲುತ್ತದೆ, ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಚುಳ್ ಅಂತ ಸಣ್ಣ ಶಾಕ್ ಹೊಡೆದ ಹಾಗಾಗುತ್ತದೆ. ಊಟದ ಜೊತೆ ತಗೊಳ್ಳಬೇಕಾದದ್ದು ಬೇರೆ. ಬೆಳಗಿನ ತಿಂಡಿಗೆ ಹೊತ್ತುಗೊತ್ತಿಲ್ಲದ ನನ್ನಂಥವರಿಗೆ ಹೊಂದುವುದಿಲ್ಲ.

ಇನ್ನು ಗ್ಯಾಬಾಪೆಂಟಿನ್. ಇದು ಲಿವರ್ ತಂಟೆಗೇ ಹೋಗುವುದಿಲ್ಲ. ಬಂದ ರೂಪದಲ್ಲೇ ಕಿಡ್ನಿ ಮೂಲಕ ಹೊರಗೆ ಹೋಗುತ್ತದೆ. ಟ್ಯಾಮಾಕ್ಸಿಫೆನ್ ಜೊತೆ ಜಗಳಕ್ಕೆ ದಾರಿಯೇ ಇಲ್ಲ. (ಕಿಡ್ನಿ ಸರಿ ಇಲ್ಲದವರಿಗೆ ಡೋಸ್ ಕಡಿಮೆ ಮಾಡಬೇಕು.) ಸ್ತನ ಕ್ಯಾನ್ಸರ್ ಆದ 420 ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 900 ಮಿಲಿಗ್ರಾಂ ಚೆನ್ನಾಗಿ ಕೆಲಸ ಮಾಡಿತ್ತು, 300 ಅಷ್ಟಾಗಿ ಮಾಡಲಿಲ್ಲ. ನಿದ್ದೆ ಬರಿಸುತ್ತದೆ ಅಂತ ಬಹಳ ಜನ ಬೈಯುತ್ತಾರೆ. ರಾತ್ರಿ ಬೆವರಿಗೆ ಎದ್ದು ಕೂರುತ್ತಿದ್ದ ನನಗೆ ಅದೇ ವರ.

ಆದರೆ ಒಂದು ಕಿರಿಕಿರಿ ಇದೆ. ಟ್ಯಾಮಾಕ್ಸಿಫೆನ್ ಜೊತೆ ಜಗಳವಾಡದ ಈ ಮಾತ್ರೆ ಜಗಳವಾಡುವುದು ನಾನು ಎದೆಯುರಿ ಎದ್ದ ರಾತ್ರಿ ಕುಡಿಯುವ ಆ್ಯಂಟಾಸಿಡ್ ಸಿರಪ್ ಜೊತೆ! ಕೆಲವು ರಾತ್ರಿ ತಣ್ಣಗೆ ನಿದ್ದೆ, ಕೆಲವು ರಾತ್ರಿ ದಿಂಬಿನ ಕವರ್ ಒದ್ದೆ. ಡೋಸ್ ಅದೇ, ಹೊತ್ತು ಅದೇ. ಡೋಸ್ ಏರಿಸುವ ಮಾತೂ ಬಂತು. ಆ್ಯಂಟಾಸಿಡ್ಡನ್ನು ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವವರು ಕಡಿಮೆ ಅಲ್ವಾ? ಡಾಕ್ಟರ್ ಬಳಿಯ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕೊನೆಗೆ ಹಿಡಿದಿದ್ದು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಎರಡನ್ನೂ ಒಟ್ಟಿಗೆ ಕೊಳ್ಳುವಾಗ ಬಾಟಲಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದರು: ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಷಿಯಂ ಹೈಡ್ರಾಕ್ಸೈಡ್.

ಈ ಎರಡೂ ಸೇರಿದ ಸಿರಪ್ ಒಟ್ಟಿಗೆ ಹೊಟ್ಟೆಗೆ ಹೋದರೆ ಗ್ಯಾಬಾಪೆಂಟಿನ್ ಮೈಗೆ ಹತ್ತುವುದು ಸುಮಾರು 20% ಕಡಿಮೆಯಾಗುತ್ತದೆ. ಸಿರಪ್ ಕುಡಿದು ಎರಡು ಗಂಟೆ ಬಿಟ್ಟು ಮಾತ್ರೆ ತಗೊಂಡರೆ ನಷ್ಟ 5% ಅಷ್ಟೇ. ಹೇಳಲು ಸುಲಭ. ತಡವಾಗಿ ಊಟ ಮಾಡಿ, ಉರಿ ಎದ್ದು, ಸಿರಪ್ ಕುಡಿದು, ಆಮೇಲೆ ಎರಡು ಗಂಟೆ ಗಡಿಯಾರ ನೋಡುತ್ತಾ ಕೂರುವುದು ಯಾರಿಗೆ ಬೇಕು? ನಾನು ಊಟವನ್ನೇ ಬೇಗ ಮಾಡುತ್ತಿದ್ದೇನೆ. ಬೆಳಿಗ್ಗೆ ಹೊಟ್ಟೆಯ ಆಮ್ಲ ಇಳಿಸುವ ಪ್ಯಾಂಟೊಪ್ರಜೋಲ್ ತಗೊಂಡು ಸಿರಪ್ಪನ್ನೇ ಬಿಡುವ ದಾರಿಯೂ ಇದೆ, ಡಾಕ್ಟರ್ ಒಪ್ಪಿದರೆ. ನೆರಾಟಿನಿಬ್ ಅನ್ನುವ ಸ್ತನ ಕ್ಯಾನ್ಸರ್ ಮಾತ್ರೆ ತಗೊಳ್ಳುವವರು ಮಾತ್ರ ಆ ದಾರಿ ಹಿಡಿಯುವಂತಿಲ್ಲ. ಹೊಟ್ಟೆಯ ಆಮ್ಲ ಇಳಿದರೆ ಆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಜೊತೆಗಿದ್ದರೆ ಗ್ಯಾಬಾಪೆಂಟಿನ್ ಬಗ್ಗೆ ಡಾಕ್ಟರಿಗೆ ಮೊದಲೇ ಹೇಳಿ, ಎರಡೂ ಸೇರಿ ಉಸಿರಾಟ ಮಂದವಾಗಬಹುದು. ಗ್ಯಾಬಾಪೆಂಟಿನ್ನನ್ನೂ ತಟ್ಟನೆ ಬಿಡುವ ಹಾಗಿಲ್ಲ.

ಖರ್ಚಿನಲ್ಲಿ ಮೂರೂ ಹಳೇ ಜೆನೆರಿಕ್, ಜೇಬಿಗೆ ಭಾರವಲ್ಲ. 2023ರಲ್ಲಿ ಎಫ್‌ಡಿಎ ಒಪ್ಪಿದ ಹಾಟ್ ಫ್ಲ್ಯಾಶ್ ಮಾತ್ರೆ ಫೆಜೊಲಿನೆಟಂಟ್ ನನ್ನ ಬಜೆಟ್‌ನ ಆಚೆ, ಮೇಲಿಂದ ಲಿವರ್ ಪರೀಕ್ಷೆ ಬೇರೆ ಮಾಡಿಸುತ್ತಿರಬೇಕು.

ನಾನು ಗ್ಯಾಬಾಪೆಂಟಿನ್ ಪಾರ್ಟಿ ಆದರೂ ಒಂದು ಮಾತು ಮುಚ್ಚಿಡಬಾರದು. ಗ್ಯಾಬಾಪೆಂಟಿನ್, ವೆನ್ಲಾಫ್ಯಾಕ್ಸಿನ್ ಎರಡನ್ನೂ ಒಬ್ಬೊಬ್ಬರಿಗೂ ಸರದಿಯಲ್ಲಿ ಕೊಟ್ಟು ನೋಡಿದ 2010ರ ಪ್ರಯೋಗದಲ್ಲಿ 68% ಮಂದಿ ವೆನ್ಲಾಫ್ಯಾಕ್ಸಿನ್ನೇ ಬೇಕು ಅಂದರು. ಹಗಲು ಹೊತ್ತು ಸೆಖೆ ಜಾಸ್ತಿ ಇರುವವರಿಗೆ, ಬೆಳಿಗ್ಗೆ ಬೇಗ ಗಾಡಿ ಓಡಿಸುವವರಿಗೆ ಅದೇ ಸರಿ ಇರಬಹುದು. ಗ್ಯಾಬಾಪೆಂಟಿನ್ ಮಂಪರು ಬೆಳಿಗ್ಗೆಯೂ ಸ್ವಲ್ಪ ಹೊತ್ತು ಇರುತ್ತದೆ. ವೆನ್ಲಾಫ್ಯಾಕ್ಸಿನ್ ಆರಿಸುವವರು ಬ್ಯಾಗಿನಲ್ಲಿ ಒಂದೆರಡು ಕ್ಯಾಪ್ಸೂಲ್ ಹೆಚ್ಚಿಗೆ ಇಟ್ಟುಕೊಂಡಿರಿ.