ಹಿಮದಲ್ಲಿ ಒಂಟಿ ರಾತ್ರಿಗೆ ಬನಶಂಕರಿಯ ಬಾಡಿಗೆ ಸಾಮಾನು: ಮೂರೂವರೆ ಸ್ಟಾರ್

ಜನವರಿಯಲ್ಲಿ ಉತ್ತರಾಖಂಡದ ಚೋಪ್ತಾಗೆ ಒಬ್ಬಳೇ ಹೋಗಿ ಟೆಂಟಿನಲ್ಲಿ ರಾತ್ರಿ ಕಳೆಯಲು ಬೇಕಾದ ಸಾಮಾನನ್ನೆಲ್ಲ ಬನಶಂಕರಿ ಎರಡನೇ ಹಂತದ ಬಾಡಿಗೆ ಅಂಗಡಿಯೊಂದರಿಂದ ತಂದಿದ್ದೆ. ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಬೆಂಗಳೂರಿನ ಚಳಿಗೆ ಒಂದು ಸ್ವೆಟರ್ ಸಾಕು. ಇಲ್ಲಿದ್ದುಕೊಂಡು ಸ್ಲೀಪಿಂಗ್ ಬ್ಯಾಗಿಗೆ ಸಾವಿರಾರು ರೂಪಾಯಿ ಸುರಿದು ಅಟ್ಟಕ್ಕೆ ಹಾಕುವುದು ಯಾಕೆ ಅಲ್ವಾ?

"ಒಬ್ರೇನಾ ಮೇಡಂ?" ಅಂದ ಅಂಗಡಿಯ ಹುಡುಗ ಬುದ್ಧಿ ಹೇಳಲು ಕೂರಲಿಲ್ಲ. ಅದಕ್ಕೇ ಅರ್ಧ ಸ್ಟಾರ್ ಜಾಸ್ತಿ. ಸ್ಲೀಪಿಂಗ್ ಬ್ಯಾಗಿನ ಹೊರಗೆ ದಪ್ಪಕ್ಷರದಲ್ಲಿ ಮೈನಸ್ 11 ಡಿಗ್ರಿ ಅಂತಿತ್ತು. ಅದನ್ನು ನಂಬಬೇಡಿ ಅಂದು, ಒಳಗೆ ಹೊಲಿದಿದ್ದ ಪುಟ್ಟ ಚೀಟಿ ತೋರಿಸಿದ. ಕಂಫರ್ಟ್ ಮೈನಸ್ 5, ಲಿಮಿಟ್ ಮೈನಸ್ 11, ಎಕ್ಸ್‌ಟ್ರೀಮ್ ಮೈನಸ್ 28. ಲಿಮಿಟ್ ಅನ್ನೋದು ಗಂಡಸರ ಲೆಕ್ಕ, ಅದೂ ಮುದುರಿಕೊಂಡು ಮಲಗಿದರೆ. ಹೆಂಗಸರು ಕಂಫರ್ಟ್ ನೋಡಬೇಕು. ಕೊನೆಯದು ಜೀವ ಉಳಿದರೆ ಸಾಕು ಅನ್ನುವವರಿಗೆ. ಜೊತೆಗೆ ಬ್ಯಾಗಿನೊಳಗೆ ಹಾಕಿಕೊಳ್ಳುವ ತೆಳು ಚೀಲ, ಅಂದರೆ ಒಂದು ಲೈನರ್, ಕೆಳಗೆ ಹಾಸಲು ಎರಡು ಮ್ಯಾಟ್ ಕೊಟ್ಟ. ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂ, ಅಂದರೆ ನೆಲದ ಚಳಿ ತಡೆಯುವ ಶಕ್ತಿಯ ಅಳತೆ, ಕೂಡುತ್ತದೆ, ಹಿಮದ ಮೇಲಾದರೆ 4 ದಾಟಿರಲಿ ಅಂದ.

ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಅಲ್ಲಿಂದ ಮೇಲಿರುವ ತುಂಗನಾಥ ಶಿವಾಲಯದ ಬಾಗಿಲು ಮುಚ್ಚಿ, ದೇವರು ಕೆಳಗಿನ ಮಕ್ಕೂಮಠ ಊರಿಗೆ ಇಳಿದಿರುತ್ತಾನೆ. ಯಾತ್ರಿಕರ ಗಲಾಟೆ ಇರುವುದಿಲ್ಲ. ಕ್ಯಾಂಪ್ ನಡೆಸುವವರಿಗೆ ದುಡ್ಡು ಕೊಟ್ಟು ಅವರ ಜಾಗದ ಒಂದು ಮೂಲೆಯಲ್ಲಿ ಟೆಂಟ್ ಹಾಕಿದೆ. ಬೆಳಗಿನ ಜಾವ ಟೆಂಟಿನ ಒಳಮೈಯಲ್ಲಿ ನನ್ನ ಉಸಿರೇ ಹೆಪ್ಪುಗಟ್ಟಿತ್ತು. ಕೈ ತಗುಲಿದರೆ ಪುಡಿಪುಡಿಯಾಗಿ ಮುಖದ ಮೇಲೆ ಉದುರುತ್ತಿತ್ತು. ಆದರೂ ಬೆನ್ನಿಗೆ ಚಳಿ ಹತ್ತಲಿಲ್ಲ. ಎರಡು ಮ್ಯಾಟ್ ಹೊತ್ತುಕೊಂಡು ಹೋಗಿದ್ದು ಸಾರ್ಥಕ. ಪಾದ ಮಾತ್ರ ಉಣ್ಣೆ ಕಾಲುಚೀಲದೊಳಗೂ ತಣ್ಣಗಿತ್ತು.

ಇನ್ನು ಬೈಗುಳ. ಬ್ಯಾಗಿನ ಜಿಪ್ಪು ಮೊಣಕಾಲಿನ ಹತ್ತಿರ ಬಟ್ಟೆ ಕಚ್ಚಿಕೊಳ್ಳುತ್ತದೆ. ಮಧ್ಯರಾತ್ರಿ ಹೊರಗೆ ಹೋಗಬೇಕಾದಾಗ ಗ್ಲೌಸ್ ಹಾಕಿದ ಕೈಯಲ್ಲಿ ಅದನ್ನು ಬಿಡಿಸುವ ಸುಖ ಶತ್ರುವಿಗೂ ಬೇಡ. ಹಿಮದಲ್ಲಿ ಜಾರದಂತೆ ಶೂಗೆ ತೊಡಿಸುವ ಮೊಳೆಪಟ್ಟಿ, ಅಂದರೆ ಮೈಕ್ರೋಸ್ಪೈಕಿನ ರಬ್ಬರ್ ಸಡಿಲವಾಗಿ, ತುಂಗನಾಥದ ದಾರಿಯುದ್ದಕ್ಕೂ ಎಡಗಾಲಿನದು ಕಳಚಿಕೊಳ್ಳುತ್ತಲೇ ಇತ್ತು. ಸ್ಟವ್ ಕೊಟ್ಟರು, ಗ್ಯಾಸ್ ಬಗ್ಗೆ ತುಟಿ ಬಿಚ್ಚಲಿಲ್ಲ. ಗ್ಯಾಸ್ ಕ್ಯಾನನ್ನು ವಿಮಾನದಲ್ಲಿ ಬಿಡುವುದಿಲ್ಲ, ಆ ಕಡೆಯೇ ಕೊಳ್ಳಬೇಕು. ಬರೀ ಬ್ಯೂಟೇನ್ ಇರುವುದು ಸೊನ್ನೆ ಡಿಗ್ರಿ ಹತ್ತಿರ ಬಂದರೆ ಸರಿಯಾಗಿ ಉರಿಯುವುದಿಲ್ಲ. ಪ್ರೊಪೇನ್ ಬೆರೆಸಿದ್ದೇ ಕೇಳಿ ತಗೊಳ್ಳಿ.

ಬಾಡಿಗೆ ಲೆಕ್ಕವೂ ಸಿಟ್ಟು ಬರಿಸುತ್ತದೆ. ಹೋಗಿ ಬರುವ ದಿನಗಳಿಗೂ ಪೂರ್ತಿ ಬಾಡಿಗೆ, ಚೌಕಾಸಿಗೆ ಜಗ್ಗುವುದಿಲ್ಲ. ಡೆಪಾಸಿಟ್ ವಾಪಸ್ ಬೇಕಿದ್ದರೆ ಟೆಂಟ್ ಒಣಗಿಸಿ ಕೊಡಬೇಕು. ನಮ್ಮ ತಾರಸಿಯಲ್ಲಿ ಹರಡಿದಾಗ ವಾಚ್‌ಮನ್ ಬಂದು, "ಏನಮ್ಮಾ, ಶಾಮಿಯಾನಾನಾ?" ಅಂತ ಕೇಳಿದರು. ದುಡ್ಡು ಮಾತ್ರ ಅವತ್ತು ಸಂಜೆಯೇ ಬಂತು.

ಅಂಗಡಿಗೆ ಹೋಗುವುದಾದರೆ ವಾರದ ಮಧ್ಯೆ ಹೋಗಿ. ಶುಕ್ರವಾರ ಸಂಜೆ ಕುಮಾರಪರ್ವತ, ಕುದುರೆಮುಖ ಅಂತ ಹೊರಟ ಗುಂಪುಗಳ ನಡುವೆ ನಿಮ್ಮ ಬ್ಯಾಗಿನ ಚೀಟಿ ಓದಿ ಹೇಳಲು ಆ ಹುಡುಗನಿಗೆ ಪುರುಸೊತ್ತು ಇರುವುದಿಲ್ಲ. ಬ್ಯಾಗು, ಮ್ಯಾಟು ನಾನು ಮುಂದೆಯೂ ಇಲ್ಲೇ ತಗೊಳ್ಳುತ್ತೇನೆ. ಮೈಕ್ರೋಸ್ಪೈಕ್ ಸ್ವಂತದ್ದು ಕೊಂಡಾಯಿತು.