ಸೇಡಂ ರಸ್ತೆಯ ಟೇಬಲ್ ಟೆನಿಸ್ ಹಾಲ್: ಹೊಸ ಬಟ್ಟೆ ಹಾಕಿದ ಮೇಲೆ ಹೇಗಿದೆ?

ಕಲಬುರಗಿಯ ಸೇಡಂ ರಸ್ತೆ ಕಡೆ ನಾವು ಹೋಗುವ ಟೇಬಲ್ ಟೆನಿಸ್ ಹಾಲ್‌ನಲ್ಲಿ ಹೋದ ತಿಂಗಳು ಕಾರ್ಪೆಟ್, ಪರದೆ, ಸೋಫಾ ಕವರ್ ಎಲ್ಲ ಬದಲಾಯಿಸಿದ್ದಾರೆ. ನನ್ನ ತಮ್ಮ ವೀಲ್‌ಚೇರ್‌ನಲ್ಲಿ ಕೂತು ಆಡುತ್ತಾನೆ. ಅವ್ವನಿಗೆ ಗ್ಲಾಕೋಮಾ, ಅಕ್ಕಪಕ್ಕದ್ದು ಸರಿಯಾಗಿ ಕಾಣುವುದಿಲ್ಲ. ಇಬ್ಬರನ್ನೂ ಕರೆದುಕೊಂಡು ವಾರಕ್ಕೆ ಮೂರು ದಿನ ಹೋಗುತ್ತೇನೆ, ಹಾಗಾಗಿ ಬರೆಯುವುದು ಜಾಸ್ತಿನೇ ಇದೆ.

ನೆಲ ನಮ್ಮ ಕಡೆ ಎಲ್ಲೆಡೆ ಇರುವ ಶಹಾಬಾದ್ ಕಲ್ಲು. ಹಿಂದೆ ಅದರ ಮೇಲೆ ದಪ್ಪ, ಮೆತ್ತನೆ ಕಾರ್ಪೆಟ್ ಇತ್ತು. ನಡೆಯುವವರಿಗೆ ಹಿತ. ಆದರೆ ವೀಲ್‌ಚೇರ್‌ನ ಮುಂದಿನ ಸಣ್ಣ ಗಾಲಿ ಅದರಲ್ಲಿ ಹೂತುಕೊಳ್ಳುತ್ತಿತ್ತು, ಬಾಗಿಲಿಂದ ಟೇಬಲ್ ತನಕ ತಳ್ಳಿಕೊಂಡು ಹೋಗುವಷ್ಟರಲ್ಲೇ ತಮ್ಮನ ತೋಳು ಸೋತಿರುತ್ತಿದ್ದವು, ಇನ್ನು ಆಡುವುದೆಲ್ಲಿ? ಕಾರ್ಪೆಟ್ಟಿನ ಎಳೆ 13 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಅಂತ ಅಂಗವಿಕಲರ ಸೌಲಭ್ಯಕ್ಕಾಗಿ ಇರುವ ಅಮೆರಿಕದ ನಿಯಮದಲ್ಲಿದೆ. ಈಗ ಹಾಕಿರುವುದು ಅದಕ್ಕಿಂತ ಬಹಳ ಗಿಡ್ಡ. ಬಿಗಿಯಾದ ನೇಯ್ಗೆ, ಕೆಳಗೆ ಫೋಮ್ ಇಲ್ಲ, ಕಲ್ಲಿಗೆ ಅಂಟಿಸಿದ್ದಾರೆ. ಟೇಬಲ್ ಸುತ್ತ ಮಾತ್ರ ವಿನೈಲ್ ಮ್ಯಾಟ್. ಮೊದಲ ದಿನ ತಮ್ಮ ಬಾಗಿಲಿಂದ ಟೇಬಲ್‌ಗೆ ಒಬ್ಬನೇ ಹೋದ. ನಾನು ಚೀಲ ಹಿಡಿದುಕೊಂಡು ಹಿಂದೆ ನಡೆದೆ ಅಷ್ಟೇ.

ಬಣ್ಣದ ವಿಚಾರದಲ್ಲಿ ಇನ್ನೂ ಖುಷಿ. ಹಳೆ ಕಾರ್ಪೆಟ್ಟಿನಲ್ಲಿ ದೊಡ್ಡ ಕಪ್ಪು ಚೌಕಗಳಿದ್ದವು. ಅವ್ವನ ಕಣ್ಣಿಗೆ ಅವು ನೆಲದಲ್ಲಿನ ತಗ್ಗಿನ ಥರ ಕಾಣುತ್ತಿದ್ದವು, ಗೋಡೆ ಹಿಡಿದು ಸುತ್ತು ಹಾಕಿ ಬರುತ್ತಿದ್ದಳು. ಸೋಫಾ, ನೆಲ ಎರಡೂ ಬೂದು ಬಣ್ಣ, ಒಮ್ಮೆ ಸೋಫಾ ಇದೆ ಅಂದುಕೊಂಡು ಅದರ ಪಕ್ಕಕ್ಕೆ ಕೂರಲು ಹೋಗಿ ಬಿದ್ದೇಬಿಡುತ್ತಿದ್ದಳು. ಈಗ ನೆಲ ತಿಳಿ ಕೆನೆ ಬಣ್ಣ, ಚಿತ್ತಾರ ಇಲ್ಲ. ಸೋಫಾ ಗಾಢ ನೀಲಿ, ಕೈ ಇಡುವ ಅಂಚಿಗೆ ಹಳದಿ ಪಟ್ಟಿ. "ಯವ್ವಾ, ಹೊಸಾ ಬಟ್ಟಿ ಹಾಕೀವಿ, ಕೂತು ನೋಡ್ರಿ" ಅಂತ ಹಾಲ್ ನೋಡಿಕೊಳ್ಳುವವರು ಕರೆದಾಗ ಅವ್ವ ನನ್ನ ಕೈ ಬಿಟ್ಟು ನೇರ ಹೋಗಿ ಕೂತಳು. ಬೇಕಾಗಿದ್ದು ತಿಳಿ ಬಣ್ಣದ ಪಕ್ಕ ಗಾಢ ಬಣ್ಣ, ಅಷ್ಟೇ. ಇದಕ್ಕೆ ದುಡ್ಡು ಜಾಸ್ತಿ ಬೇಕಾಗಿಲ್ಲ, ಬಟ್ಟೆ ಆರಿಸುವಾಗ ಒಂದು ಮಾತು ಕೇಳಿದರೆ ಸಾಕು ಅಲ್ವಾ?

ಸೋಫಾಗೆ ಮೊದಲು ರೆಕ್ಸಿನ್ ಇತ್ತು. ನಮ್ಮೂರಿನ ಮೇ ಬಿಸಿಲಲ್ಲಿ ರೆಕ್ಸಿನ್ ಮೇಲೆ ಕೂತರೆ ಮೈಗೇ ಅಂಟುತ್ತದೆ. ತಮ್ಮನಿಗೆ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ಅಂಥವರಿಗೆ ಬೆವರು ನಿಂತ ಜಾಗದಲ್ಲಿ ಹೊಲಿಗೆ ಗಂಟೋ ಗುಂಡಿಯೋ ಒತ್ತಿದರೂ ತಿಳಿಯದೇ ಹುಣ್ಣಾಗುತ್ತದೆ, ಒಮ್ಮೆ ಆದರೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಹೊಸ ಕವರ್ ಹತ್ತಿ ಬೆರೆತ ಬಟ್ಟೆ. ಕೂರುವ ಕಡೆ ಹೊಲಿಗೆಯೂ ಇಲ್ಲ, ಗುಂಡಿಯೂ ಇಲ್ಲ. ಚೈನಿಗೆ ದೊಡ್ಡ ಬಟ್ಟೆ ಕುಣಿಕೆ ಹಾಕಿದ್ದಾರೆ, ಬೆರಳಲ್ಲಿ ಬಲ ಇಲ್ಲದವರೂ ಎಳೆಯಬಹುದು. ಹೊಲಿದವರು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆಯ ಕುಷನ್ ಕೆಲಸದವರಂತೆ, ಅವರ ಕೈಗೆ ನಮಸ್ಕಾರ.

ಟೇಬಲ್ ಹಿಂದಿನ ಪರದೆ ಈಗ ಕಡು ಹಸಿರು. ಬಿಳಿ ಚೆಂಡು ಎದ್ದು ಕಾಣುತ್ತದೆ, ಎಲ್ಲ ಆಟಗಾರರಿಗೂ ಲಾಭ. ದಪ್ಪ ಬಟ್ಟೆ ಆದ್ದರಿಂದ ಕಲ್ಲಿನ ಹಾಲ್‌ನ ಗದ್ದಲವೂ ಇಳಿದಿದೆ. ಕಿವಿಗೆ ಮಷೀನ್ ಹಾಕಿಕೊಳ್ಳುವ ಮಾವ ಒಬ್ಬರು ಮುಂಚೆ ಸ್ಕೋರ್ ಕೇಳಿಸದೆ ಸುಮ್ನೆ ಕೂತಿರುತ್ತಿದ್ದರು, ಈಗ ಅವರೇ ಕೂಗಿ ಹೇಳುತ್ತಾರೆ.

ಕೊರತೆಗಳೂ ಇವೆ. ಪರದೆಗೆ ವೆಲ್ವೆಟ್ ಬೇಡವಾಗಿತ್ತು, ನಮ್ಮೂರ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಉಬ್ಬಸ ಇರುವ ಹುಡುಗಿಯೊಬ್ಬಳು ಆ ಕಡೆಯ ಟೇಬಲ್ಲಿಗೆ ಹೋಗುವುದೇ ಇಲ್ಲ. ಕವರ್ ಒಂದೇ ಜೊತೆ ಇರುವುದರಿಂದ ಸೋಮವಾರ ತೊಳೆಯಲು ಹಾಕಿದಾಗ ಬರೀ ಫೋಮ್ ಮೇಲೆ ಕೂರಬೇಕು. ಶೌಚಾಲಯದ ಬಾಗಿಲ ಮುಂದೆ ಇನ್ನೂ ಸಡಿಲ ಮ್ಯಾಟ್ ಹಾಕುತ್ತಾರೆ, ಗಾಲಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ. ಕ್ರೀಡಾ ಸೌಲಭ್ಯಗಳು ಅಂಗವಿಕಲರಿಗೂ ಒಗ್ಗಬೇಕು ಅಂತ ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಬಹಳ ಕಡೆ ರ‍್ಯಾಂಪ್ ಕಟ್ಟಿದರೆ ಮುಗಿಯಿತು ಅಂದುಕೊಳ್ಳುತ್ತಾರೆ, ಇಲ್ಲಿಯವರು ಒಳಗಿನ ಬಟ್ಟೆ ತನಕ ಯೋಚಿಸಿದ್ದಾರೆ. ಅದಕ್ಕೇ ಈ ಮೂರು ಮಾತು ಅವರಿಗೇ ನೇರ ಹೇಳಿ ಬಂದೆ. ಮ್ಯಾಟನ್ನು ನನ್ನ ಎದುರಿಗೇ ಎತ್ತಿಟ್ಟರು.